ಬಲತೋಳು

ನನ್ನ ತಂಗಿ ದೊಡ್ಡ ಡಿಸೈನರ್. ಅವಳ ಹೆಸರೆತ್ತಿದರೆ ಸಾಕು, ಎಂಥ ಎದೆಗಾರಿಕೆ ಎನ್ನುತ್ತಾರೆ ಜನ. ಒಂದೇ ತೋಳಿನ ಗೌನು ಅವಳಿಂದಲೇ ಶುರುವಾಯಿತು. ಹೇಗೆ ಶುರುವಾಯಿತೆಂದು ಕಂಡವಳು ನಾನೊಬ್ಬಳೇ. ಗಂಡ ತೀರಿಕೊಂಡ ಮೇಲೆ ನಾನು ಅವಳ ಜೊತೆಗೇ ಇದ್ದೇನೆ; ಅವಳು ಕತ್ತರಿಸಿದ್ದನ್ನು ಕೈಯಲ್ಲಿ ಹೊಲಿಯುವುದು ನನ್ನ ಕೆಲಸ.

ಆಗ ಅವಳಿನ್ನೂ ಹೊಸಬಳು. ನಟಿಯೊಬ್ಬರಿಗೆ ಗೌನು, ಬಟ್ಟೆ ಒಂದು ಮುಖ ಮಾತ್ರ ಹೊಳೆಯುವ ಕಪ್ಪು ರೇಷ್ಮೆ. ಎರಡನೆಯ ತೋಳು ಕತ್ತರಿಸುವಾಗ ಕಾಗದದ ಅಚ್ಚನ್ನು ಮಗುಚಿ ಹಾಕುವುದನ್ನು ಮರೆತಳು. ಎರಡೂ ಎಡತೋಳೇ ಆದವು. ಬಟ್ಟೆ ಅಂಗೈಯಗಲವೂ ಉಳಿದಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು ನಿಂತಿದ್ದವಳು, "ಅಕ್ಕಾ, ಎಡಗಡೆ ಒಂದೇ ಹೊಲಿ. ಬಲಗಡೆ ಹಾಗೇ ಬಿಟ್ಟುಬಿಡೋಣ," ಎಂದಳು.

"ಅವರು ಕೇಳಿದ್ರೆ?"

"ಬೇಕಂತಲೇ ಮಾಡಿದ್ದು ಅಂತೀನಿ. ನೀನು ಮಾತ್ರ ಹೆಣ ನೋಡಿದೋಳ ಥರ ಮುಖ ಮಾಡ್ಕೊಂಡು ನಿಲ್ಲಬೇಡ."

ನಟಿ ಅದನ್ನು ತೊಟ್ಟು ಜನರ ಮುಂದೆ ಬಂದ ದಿನದಿಂದ ತಂಗಿಯ ದೆಸೆ ತಿರುಗಿತು. ದೊಡ್ಡ ಅಂಗಡಿಯ ಯಜಮಾನರು ಕರೆದು ಮೇಲಿನ ಮಹಡಿಯನ್ನೇ ಬಿಟ್ಟುಕೊಟ್ಟರು. ಉಡುಪಿನ ಕತ್ತಿನೊಳಗೆ ಹೊಲಿಯುವ ಅವಳ ಹೆಸರು ಇನ್ನು ಅಂಗಡಿಯ ಸ್ವತ್ತೆಂದು ಬರೆಸಿಕೊಂಡರು. ಬಿಟ್ಟುಹೋದರೆ ತನ್ನ ಹೆಸರಿನಲ್ಲಿ ಒಂದು ಕರವಸ್ತ್ರವನ್ನೂ ಅವಳು ಮಾರುವಂತಿಲ್ಲ. ಅಲ್ಲಿಂದಾಚೆ ಬರೀ ಒಂದು ತೋಳು. ಮದುಮಗಳಿಗೂ ಒಂದು ತೋಳು, ಮದುಮಗಳ ಅಜ್ಜಿಗೂ ಒಂದು ತೋಳು. ಬೇರೆ ಏನು ಚಿತ್ರ ಬರೆದು ತೋರಿಸಿದರೂ ಯಜಮಾನರು, "ಚೆನ್ನಾಗಿದೆಯಮ್ಮ, ಮುಂದಿನ ಸಲ ನೋಡೋಣ," ಎನ್ನುವರು. ಅವಳ ಕೂದಲು ನರೆಯಿತು, ಮುಂದಿನ ಸಲ ಬರಲಿಲ್ಲ.

ಈ ವರ್ಷ ಅಂಗಡಿಯ ಫ್ಯಾಷನ್ ಷೋ ಹತ್ತಿರ ಬಂದಾಗ ಹಟ ಹಿಡಿದಳು. "ಎರಡು ತೋಳಿಂದು ಒಂದೇ ಒಂದು ವೇದಿಕೆ ಮೇಲೆ ಹೋಗ್ಲಿ ಅಕ್ಕಾ. ಆಮೇಲೆ ನಾನು ಸುಮ್ನಾಗ್ತೀನಿ."

ಬೂದು ಬಣ್ಣದ ತೆಳು ಉಣ್ಣೆಯ ಗೌನು. ತೋಳಿನ ಅಳತೆಯನ್ನು ನನ್ನ ಕೈ ಮೇಲೆಯೇ ನೋಡಿದಳು. ಕೈ ಮಡಿಸಿದರೂ ಮೊಣಕೈಯಲ್ಲಿ ಒಂದು ಸುಕ್ಕು ಬೀಳಲಿಲ್ಲ. ಅಂಥ ತೋಳನ್ನು ನಾನು ಈ ಮೊದಲು ಹೊಲಿದದ್ದೇ ಇಲ್ಲ.

ಷೋ ಶುರುವಾಗುವ ಮುಂಚೆ ಯಜಮಾನರು ಪರದೆಯ ಹಿಂದೆ ಬಂದರು. ಗೌನು ತೊಟ್ಟು ನಿಂತಿದ್ದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನಮ್ಮ, ಶಾಲೆ ಟೀಚರ್ ಬಂದ ಹಾಗಿದೆ! ಜನ ಬಂದಿರೋದು ನಿಮ್ಮ ಧೈರ್ಯ ನೋಡೋಕೆ. ಬಲತೋಳು ತೆಗೀರಿ."

"ಇದೇ ನನ್ನ ಧೈರ್ಯ ಸಾರ್."

"ನೀವು ತೆಗೀತೀರೋ, ನಾನೇ ತೆಗೀಲೋ?" ಎಂದವರೇ ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಎತ್ತಿಕೊಂಡರು. ಬಟ್ಟೆ ಕತ್ತರಿಸಿ ಗೊತ್ತಿಲ್ಲದ ಕೈ. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

ತಂಗಿ ಕತ್ತರಿ ಕಸಿದುಕೊಂಡಳು. ಬಿಸಾಡಿ ಹೊರನಡೆಯುತ್ತಾಳೆ ಎಂದುಕೊಂಡೆ.

"ಬಟ್ಟೆ ಹಾಳಾಗುತ್ತೆ, ಬಿಡಿ," ಎಂದಳು. ನನ್ನ ಕಡೆ ಕೈ ಚಾಚಿದಳು. ಸಣ್ಣ ಕತ್ತರಿ ಕೊಟ್ಟೆ. ನಾನು ಹಾಕಿದ್ದ ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸಿ ತೋಳು ಕಳಚಿದಳು. ಅಂಚನ್ನು ಒಳಮಡಿಸಿ ತಾನೇ ಹೊಲಿದಳು, ಎಂದಿನಂತೆ ಚೊಕ್ಕವಾಗಿ. ಹುಡುಗಿ ಹೊರಗೆ ಹೋದಳು. ಬಹಳ ಹೊತ್ತಾದರೂ ಚಪ್ಪಾಳೆ ನಿಲ್ಲಲಿಲ್ಲ.

ಮನೆಗೆ ಬಂದು ಆ ತೋಳನ್ನು ನನ್ನ ಬಲಗೈಗೆ ಏರಿಸಿದಳು. ಚಳಿಗೆ ನನಗೆ ಆ ಭುಜ ನೋಯುತ್ತದೆ.

"ಸರಿಯಾಗಿ ಕೂತಿದೆಯಾ ಅಕ್ಕಾ?"

"ಕೂತಿದೆ ಕಣೇ."

"ಕೈ ಮಡಿಸು."

ಮಡಿಸಿದೆ. ಸುಕ್ಕು ಬೀಳಲಿಲ್ಲ.

ಬೆಳಿಗ್ಗೆ ಅಂಗಡಿಯಿಂದ ಫೋನು. ಆ ಬೂದು ಗೌನೇ ಇನ್ನೂ ಎಷ್ಟೋ ಜನಕ್ಕೆ ಬೇಕಂತೆ, ಒಂದು ತೋಳಿನದು. ಅವಳು ಬಟ್ಟೆ ಹಾಸಿ ತೋಳಿನ ಅಚ್ಚು ಇಟ್ಟು ಕತ್ತರಿಸಿದಳು. ಒಂದೇ ತೋಳಿಗೆ ಅಚ್ಚನ್ನು ಮಗುಚುವ ಕೆಲಸವಿಲ್ಲ.