ಮಾರ್ಗನ್ ಹಿಲ್‌ನಲ್ಲಿ ಮಾಲಕಿ, ಸಾಂಟಾ ಕ್ಲಾರಾದಲ್ಲಿ ಬಾಡಿಗೆಯವಳು

ನಾವು ಅಮೆರಿಕದಲ್ಲಿ ಕೊಂಡ ಮನೆಯನ್ನು ಅವ್ವ ಮೊದಲ ಸಲ ನೋಡಿದ್ದು ರಸ್ತೆಯ ಆಚೆ ನಿಂತ ಕಾರಿನೊಳಗಿಂದ. ಹುಬ್ಬಳ್ಳಿಯಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಸುಮ್ಮನೆ ನೋಡಿಬರಲು ಹೊರಟಿದ್ದೇವೆ ಎಂದು ನಾನು ತಿಳಿದಿದ್ದೆ. ಅಲ್ಲಿಗೆ ಹೋದ ಮೇಲೆ ಅವಳು ಚೀಲದಿಂದ ತೆಂಗಿನಕಾಯಿ, ಕುಂಕುಮದ ಡಬ್ಬಿ ತೆಗೆದಳು. ಹೊಸ್ತಿಲ ಪೂಜೆ ಮಾಡಬೇಕಂತೆ. ಒಳಗೆ ಹೋಗುವಂತಿಲ್ಲ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಇಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಮಾಲೀಕರು ಕಾಲಿಡಬೇಕಾದರೆ ಹಿಂದಿನ ದಿನವೇ ಬರೆದು ತಿಳಿಸಬೇಕು, ರಿಪೇರಿಯಂಥ ತಕ್ಕ ಕಾರಣವೂ ಇರಬೇಕು.

"ನಮ್ಮ ಮನ್ಯಾಗ ನಾವು ಹೋಗಲಿಕ್ಕೆ ಮಂದೀನ ಕೇಳಬೇಕೇನು?" ಎಂದಳು ಅವ್ವ. ಕಾಯಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಮರಳುವಾಗ ಫ್ರೀವೇ ಹೆದ್ದಾರಿಯ ಉದ್ದಕ್ಕೂ ಕಿಟಕಿಯ ಆಚೆಯೇ ನೋಡುತ್ತಿದ್ದಳು.

ಅವಳಿಗೆ ಅರ್ಥವಾಗದ ಇನ್ನೊಂದು ವಿಷಯವಿತ್ತು. ಮನೆ ಕೊಂಡವರು ನಾವು, ಆದರೆ ನಾವೇ ಸಾಂಟಾ ಕ್ಲಾರಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಗಂಡ ಗಿರೀಶನ ಆಫೀಸು, ಮಗಳು ಸಿಂಚನಾಳ ಶಾಲೆ, ನಾನು ಕೆಲಸ ಮಾಡುವ ಫಿಸಿಯೋಥೆರಪಿ ಕ್ಲಿನಿಕ್ಕು ಎಲ್ಲವೂ ಅಲ್ಲೇ. ಅಲ್ಲಿ ಮನೆ ಕೊಳ್ಳುವುದು ನಮ್ಮಿಂದಾಗದ ಮಾತು. ದಕ್ಷಿಣಕ್ಕೆ ಹೋದಂತೆ ಬೆಲೆ ಇಳಿಯುತ್ತದೆ. ಆದ್ದರಿಂದ ಮಾರ್ಗನ್ ಹಿಲ್‌ನಲ್ಲಿ ಒಂದು ಟೌನ್‌ಹೌಸು, ಅಂದರೆ ಅಕ್ಕಪಕ್ಕದ ಮನೆಗಳಿಗೆ ಭುಜ ಒತ್ತಿಕೊಂಡು ನಿಂತ ಪುಟ್ಟ ಮಹಡಿ ಮನೆ, ಕೊಂಡು ಬಾಡಿಗೆಗೆ ಕೊಡೋಣ ಎಂದು ಗಿರೀಶ ಹೇಳಿದ. ಮೊದಮೊದಲು ನನಗೆ ಇದು ಬೇರೆಯವರ ಅಂಗಿ ತೊಟ್ಟಂತೆ ಅನಿಸುತ್ತಿತ್ತು. ನಾನು ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಹೊರಟದ್ದು ಎಲ್ಲ ಬಾಡಿಗೆ ಮನೆಗಳಿಂದಲೇ.

ಹುಬ್ಬಳ್ಳಿಯಲ್ಲಿ ಅಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆ ಹುಡುಕಲು ಹೋದಲ್ಲೆಲ್ಲ ಮೊದಲು ಜಾತಿ ಕೇಳುತ್ತಿದ್ದರು, ಆಮೇಲೆ ಊಟ, ಆಮೇಲೆ ಬಂದುಹೋಗುವ ನೆಂಟರು. ಮಾಲೀಕರ ಹೆಂಡತಿ ನೇರ ಅಡುಗೆಮನೆಗೇ ಬಂದು ನಲ್ಲಿ ತಿರುಗಿಸಿ ನೋಡುತ್ತಿದ್ದರು. ಇಲ್ಲಿ ನಾನು ಆ ಪ್ರಶ್ನೆಗಳಲ್ಲಿ ಒಂದನ್ನೂ ಕೇಳುವಂತಿಲ್ಲ. ಧರ್ಮ ಯಾವುದು, ಯಾವ ದೇಶದವರು, ಮಕ್ಕಳಿದ್ದಾರೆಯೇ ಎಂದು ಕೇಳಿದರೆ ಕಾನೂನು ಮೀರಿದಂತೆ. ಸಂಪಾದನೆ ಸಾಲುತ್ತದೆಯೇ, ಹಿಂದಿನ ಮನೆಯವರು ಏನು ಹೇಳುತ್ತಾರೆ, ಅಷ್ಟೇ. ಮೊದಲು ಅರ್ಜಿ ಹಾಕಿದವಳು ಎಲೆನಾ, ಶಾಲಾ ಶಿಕ್ಷಕಿ. ಅವಳದೆಲ್ಲ ಸರಿಯಿತ್ತು. ಅದೇ ವಾರ ನಮ್ಮ ಕನ್ನಡ ಬಳಗದ ಪರಿಚಿತರೊಬ್ಬರು ತಮ್ಮ ತಮ್ಮನಿಗೆ ಆ ಮನೆ ಬೇಕೆಂದರು. ಆಗಲೇ ಒಬ್ಬರಿಗೆ ಒಪ್ಪಿಯಾಗಿದೆ ಎಂದೆ. "ನಮ್ಮವರಿಗೆ ಕೊಡಬಹುದಿತ್ತು," ಎಂದಷ್ಟೇ ಹೇಳಿದರು. ಅದಾದ ಮೇಲೆ ಬಹಳ ಕಾಲ ಅವರ ಮನೆಯಿಂದ ನಮಗೆ ಯಾವುದಕ್ಕೂ ಕರೆ ಬರಲಿಲ್ಲ.

ಎಲೆನಾ ಒಳ್ಳೆಯ ಬಾಡಿಗೆದಾರಳು. ಅವಳ ಮಗಳು ಹೈಸ್ಕೂಲಿನಲ್ಲಿದ್ದಳು. ಅಡುಗೆಮನೆಯ ಒಂದು ಗೋಡೆಗೆ ಗಾಢ ಹಸಿರು ಬಳಿಯಲೇ ಎಂದು ಅವಳು ಕೇಳಿದಾಗ ನನಗೆ ಒಳಗೊಳಗೇ ಕಸಿವಿಸಿಯಾಯಿತು. ಒಪ್ಪಿದೆ. ಮೊದಲ ವರ್ಷ ಹೀಗೆ ಸಲೀಸಾಗಿಯೇ ಕಳೆಯಿತು.

ಆಮೇಲೆ, ಅವ್ವ ನಮ್ಮ ಜೊತೆಯಲ್ಲೇ ಇದ್ದಾಗ, ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರು ಅಲ್ಲಿ ಇರಲು ತಮ್ಮ ಮಗಳು ಬರುತ್ತಾಳೆಂದು ತಿಳಿಸಿದರು. ನಾವು ಬಿಡಬೇಕು. ಗಿರೀಶನಿಗೆ ದಾರಿ ಸ್ಪಷ್ಟವಿತ್ತು.

"ನಮ್ದೇ ಮನೆ ಇದೆಯಲ್ಲ, ಅಲ್ಲಿಗೇ ಮೂವ್ ಆಗೋಣ. ಎಲೆನಾಗೆ ನೋಟೀಸು ಕೊಡೋಣ. ಕಾನೂನೇ ಒಪ್ಪುತ್ತೆ."

ಮಾಲೀಕರು ತಾವೇ ಇರಲು ಬರುವುದಾದರೆ ಮುಂಗಡ ತಿಳಿಸಿ, ಪರಿಹಾರ ಕೊಟ್ಟು ಬಿಡಿಸಬಹುದು. ಅವ್ವನಿಗೆ ಹಬ್ಬವೇ ಬಂದಂತಾಯಿತು. ದೇವರ ಮನೆ ಯಾವ ದಿಕ್ಕಿಗೆ ಎಂಬ ಮಾತು ಆಗಲೇ ಶುರುವಾಯಿತು.

ನೋಟೀಸು ಕೈಸೇರುವ ಮೊದಲು ಬಾಯಲ್ಲಿ ಹೇಳಬೇಕು ಅನಿಸಿತು. ಎಲೆನಾಳನ್ನು ಕೇಳಿಕೊಂಡು ಶನಿವಾರ ಒಬ್ಬಳೇ ಹೋದೆ. ಕಾಫಿ ಮಾಡಿಟ್ಟಿದ್ದಳು. ಹಸಿರು ಗೋಡೆಗೆ ಒರಗಿ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ವಾದಿಸಲಿಲ್ಲ. ಮಗಳದು ಹೈಸ್ಕೂಲಿನ ಕೊನೆಯ ವರ್ಷ, ಅದು ಮುಗಿಯುವವರೆಗೆ ಬಿಡಲಾಗುತ್ತದೆಯೇ ಎಂದು ಕೇಳಿದಳು. ಆಮೇಲೆ, "ನಿನಗೆ ಇಲ್ಲಿ ಬಂದು ಇರಬೇಕು ಅಂತ ನಿಜವಾಗಿ ಇದೆಯಾ?" ಎಂದಳು.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು. ಯೋಚಿಸಿ ಹೇಳುತ್ತೇನೆ ಎಂದು ಕಾಫಿ ಮುಗಿಸಿ ಎದ್ದೆ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಮಾಲೀಕರ ಮಗನ ಮದುವೆ ಗೊತ್ತಾಗಿ, ಪರೀಕ್ಷೆಗೆ ಮುಂಚೆ ಮನೆ ಖಾಲಿ ಮಾಡಿದ್ದೆವು. ಟೆಂಪೋದಲ್ಲಿ ಹಾಸಿಗೆ ಸುರುಳಿಯ ಮೇಲೆ ಕುಳಿತು ಇತಿಹಾಸ ಓದಿದ್ದು ನೆನಪಾಯಿತು. ಹಾಗೆಂದು ನಾನು ಮನಸ್ಸು ಬದಲಿಸಿದ್ದು ಬರೀ ಕರುಣೆಯಿಂದ ಎಂದರೆ ಸುಳ್ಳಾಗುತ್ತದೆ. ಮಾರ್ಗನ್ ಹಿಲ್‌ನಲ್ಲಿ ನನಗೆ ಯಾರೂ ಗೊತ್ತಿಲ್ಲ. ಸಾಂಟಾ ಕ್ಲಾರಾದಲ್ಲಾದರೆ ಎಲ್ ಕಮೀನೋ ರಸ್ತೆಯ ನಮ್ಮ ಗ್ರೋಸರಿ ಅಂಗಡಿಯಲ್ಲಿ ಜೋಳದ ಹಿಟ್ಟು ಬಂದರೆ ನನಗಾಗಿ ತೆಗೆದಿಡುತ್ತಾರೆ. ಭಾನುವಾರದ ಕನ್ನಡ ತರಗತಿಗೆ ಸಿಂಚನಾ ಗೊಣಗುತ್ತಲಾದರೂ ಹೋಗುತ್ತಾಳೆ. ಇಷ್ಟನ್ನು ಕಟ್ಟಿಕೊಳ್ಳಲು ನನಗೆ ವರ್ಷಗಳೇ ಹಿಡಿದಿದ್ದವು. ಸ್ವಂತ ಮನೆಗೆ ಹೋಗುವುದೆಂದರೆ ಮತ್ತೊಮ್ಮೆ ವಲಸೆ ಹೋಗುವುದೇ ಆಗಿತ್ತು.

ಮಾರ್ಗನ್ ಹಿಲ್‌ಗೆ ಹೋಗುವುದು ಬೇಡ ಎಂದಾಗ ಗಿರೀಶನಿಗೆ ಸಿಟ್ಟು ಬಂತು. ಮತ್ತೆ ಬೇರೆಯವರ ಮರ್ಜಿಯಲ್ಲಿ ಎಷ್ಟು ದಿನ ಎಂದು ಕೇಳಿದ. ಅವನ ಪ್ರಶ್ನೆ ತಪ್ಪಾಗಿರಲಿಲ್ಲ. ಎರಡು ದಿನ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಮೂರನೆಯ ದಿನ ಬೆಳಿಗ್ಗೆ, ಮಾರ್ಗನ್ ಹಿಲ್‌ನಿಂದ ಆಫೀಸಿಗೆ ಹೊರಡುವ ಹೊತ್ತಿನಲ್ಲಿ ಟ್ರಾಫಿಕ್ಕು ಹೇಗಿರುತ್ತದೆ ಎಂದು ಫೋನಿನಲ್ಲಿ ನೋಡಿದವನು ಅದನ್ನು ಮೇಜಿನ ಮೇಲಿಟ್ಟು, "ಸರಿ, ಇಲ್ಲೇ ಹುಡುಕು," ಎಂದ. ಸಾಂಟಾ ಕ್ಲಾರಾದಲ್ಲೇ ಮೊದಲಿಗಿಂತ ಚಿಕ್ಕದೊಂದು ಅಪಾರ್ಟ್‌ಮೆಂಟು ಸಿಕ್ಕಿತು. ಎಲೆನಾಗೆ ಫೋನ್ ಮಾಡಿ, ನೋಟೀಸು ಬರುವುದಿಲ್ಲ ಎಂದು ಹೇಳಿದೆ. ಅವ್ವ ಮಾತ್ರ ಒಪ್ಪಲೇ ಇಲ್ಲ. "ಸ್ವಂತ ಮನಿ ಇಟ್ಕೊಂಡು ಬಾಡಗಿ ಮನಿ ಹುಡುಕೋ ಮಂದೀನ ನಾ ಎಲ್ಲೂ ನೋಡಿಲ್ಲ," ಎಂದು ಸಾಮಾನು ಕಟ್ಟುವಾಗಲೂ ಹೇಳುತ್ತಲೇ ಇದ್ದಳು. ಹಾಗೆ ಹೇಳುತ್ತಲೇ ಹುಬ್ಬಳ್ಳಿಗೆ, ನನ್ನ ತಮ್ಮನ ಮನೆಗೆ, ಮರಳಿದಳು.

ಈ ಚಳಿಗಾಲದಲ್ಲಿ ಒಂದೇ ದಿನ ಎರಡೂ ಕಡೆ ಮನೆ ಬೆಚ್ಚಗಿಡುವ ಹೀಟರು ಕೆಟ್ಟಿತು. ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಮ್ಯಾನೇಜರಿಗೆ, ದಯವಿಟ್ಟು ಯಾರನ್ನಾದರೂ ಕಳಿಸಿ, ಎಂದು ಬರೆದೆ. ಅದನ್ನು ಬರೆದು ಮುಗಿಸುವಷ್ಟರಲ್ಲಿ ಎಲೆನಾಳ ಸಂದೇಶ ಬಂತು. ಇವತ್ತೇ ಯಾರನ್ನಾದರೂ ಕಳಿಸುತ್ತೇನೆ, ಕ್ಷಮಿಸು, ಎಂದು ಅವಳಿಗೆ ಬರೆದೆ. ಮಾರ್ಗನ್ ಹಿಲ್‌ನದು ಅಂದು ಸಂಜೆಯೇ ಸರಿಯಾಯಿತು. ನಮ್ಮದಕ್ಕೆ ಯಾರೂ ಬರಲಿಲ್ಲ. ಸ್ವೆಟರು ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಾಗ ಅವ್ವನ ಫೋನು ಬಂತು. ಹೀಟರಿನ ಸುದ್ದಿಯನ್ನು ಸಿಂಚನಾ ಆಗಲೇ ಅಜ್ಜಿಗೆ ಮುಟ್ಟಿಸಿದ್ದಳು.

"ಮನಿ ಬೆಚ್ಚಗಾತೇನು?" ಎಂದಳು.

"ಯಾವ ಮನಿ, ಅವ್ವಾ?"



"ಅದನ್ನ ನೀನ ಹೇಳಬೇಕು," ಎಂದಳು ಅವ್ವ.