ಮುಂದಿನೆತ್ತಿನ ಗಂಟೆ

ಬಿ.ಜಿ. ಕೆರೆಯ ಸಣ್ಣತಿಮ್ಮಪ್ಪ ಹೊಟ್ಟೆಕಿಚ್ಚಿನ ಮನುಷ್ಯನೆಂದು ಅವನ ಹೆಂಡತಿ ಪಾಪಕ್ಕನೇ ಹೇಳುತ್ತಿದ್ದಳು. ಪಕ್ಕದ ಕುಲುಮೆಯಲ್ಲಿ ಹೊಗೆಯೆದ್ದರೆ ಇವನ ಕಣ್ಣು ಉರಿಯುತ್ತಿತ್ತು. ಪಕ್ಕದವನಾದರೂ ಬೇರೆಯವನಲ್ಲ, ಚಿಕ್ಕಪ್ಪನ ಮಗ ಬಾಲರಾಜು. ಹುತ್ತದ ಮಣ್ಣು ಸೋಸುವುದು, ಮೇಣದ ಅಚ್ಚಿಗೆ ಅದನ್ನು ಮೆತ್ತುವುದು, ಮೇಣ ಕರಗಿಸಿ ಆ ಟೊಳ್ಳಿಗೆ ಕಂಚು ಎರೆಯುವುದು, ಎಲ್ಲವನ್ನೂ ಅವನಿಗೆ ಕಲಿಸಿದವನು ಸಣ್ಣತಿಮ್ಮಪ್ಪನೇ. ಕಲಿಸುವಾಗ ಅಭಿಮಾನವಿತ್ತು; ಅವನು ಕಲಿತ ಮೇಲೆ ಅದು ಉಳಿಯಲಿಲ್ಲ.

ಇಬ್ಬರೂ ಪೂಜೆಯ ಗಂಟೆ, ಕುರಿಗಂಟೆ ಎರೆದು ಚಳ್ಳಕೆರೆಯ ಸಂತೆಗೆ ಒಯ್ಯುತ್ತಿದ್ದರು. ಆದರೆ ದೇವರೆತ್ತುಗಳ ಹಿಂಡಿನಲ್ಲಿ ಎಲ್ಲಕ್ಕೂ ಮುಂದೆ ನಡೆಯುವ ಎತ್ತಿನ ಗಂಟೆ ಮಾತ್ರ ಸಣ್ಣತಿಮ್ಮಪ್ಪನ ಅಪ್ಪ ಎರೆದದ್ದು. ಉಳುಮೆ ಕಾಣದ ಆ ಎತ್ತುಗಳು ಮೇಯುವ ಕಾವಲಿನಲ್ಲಿ ಆ ದನಿಯ ಹಿಂದೆಯೇ ಹೋಗುತ್ತಿದ್ದವು. ಈ ವರ್ಷ ಆ ಗಂಟೆ ಸೀಳು ಬಿಟ್ಟಿತು. ಹಳೆಯದನ್ನು ಕರಗಿಸಿಯೇ ಹೊಸದನ್ನು ಎರೆಯಬೇಕೆಂಬುದು ಪದ್ಧತಿ. ಎತ್ತು ಕಾಯುವ ಕಿಲಾರಿ ದೊಡ್ಡಪಾಲಯ್ಯ ಒಡಕು ಗಂಟೆ ತಂದ ದಿನ ಸಣ್ಣತಿಮ್ಮಪ್ಪ ಹೆಂಡತಿಯೊಡನೆ ಮಗಳ ಊರಿಗೆ ಹೋಗಿದ್ದ. ಕಿಲಾರಿ ಅದನ್ನು ಬಾಲರಾಜುವಿನ ಕೈಗಿಟ್ಟು ಹೋದ.

"ಒಂದು ಫೋನು ಮಾಡೋಕೇನಾಗಿತ್ತು? ಅಪ್ಪನ ಗಂಟೆ ಅದು!" ಎಂದು ಊರಿಗೆ ಮರಳಿದ ಸಣ್ಣತಿಮ್ಮಪ್ಪ ಕೂಗಾಡಿದ.

"ನಿಮ್ಮಪ್ಪ ಅವನಿಗೂ ದೊಡ್ಡಪ್ಪನೇ ಅಲ್ವಾ," ಎಂದಳು ಪಾಪಕ್ಕ.

"ನೀನು ಅವನ ಕಡೆನೇ ಮಾತಾಡು."

ಯಾರೂ ಕೇಳದೆಯೇ ಅವನೂ ಒಂದು ಗಂಟೆ ಎರೆದ. ಬಾಲರಾಜುವಿನದು ಇದರ ಮುಂದೆ ಸಪ್ಪೆಯಾಗಬೇಕೆಂದು ತವರ ಹೆಚ್ಚಿಸಿದ. ತವರ ಹೆಚ್ಚಿದಷ್ಟೂ ದನಿ ಹರಿತವಾಗುತ್ತದೆ, ಲೋಹ ಪೆಡಸಾಗುತ್ತದೆ, ಗೊತ್ತಿದ್ದೂ ಹೆಚ್ಚಿಸಿದ.

ಗಂಟೆ ಕಟ್ಟುವ ದಿನ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಎತ್ತು ಕೂಡುವ ಬೇಲಿಯ ರೊಪ್ಪಕ್ಕೆ ಹೋದ. ದೊಡ್ಡಪಾಲಯ್ಯ ನಕ್ಕ. "ಏಮಪ್ಪಾ ತಿಮ್ಮಪ್ಪ, ಕರೀದೆ ಬಂದ್ಯಲ್ಲ! ಆಗ್ಲಿ ಬಿಡು, ಎತ್ತೇ ಹೇಳ್ಲಿ."

ಮೊದಲು ಅವನದನ್ನೇ ಕಟ್ಟಿದರು. ಎತ್ತು ಕತ್ತು ಕೊಡವಿದ್ದೇ ತಡ, ಬಯಲೆಲ್ಲ ಠಣ್ಣೆಂದಿತು. ನೆರೆದವರು ಮೊಬೈಲು ಎತ್ತಿ ಹಿಡಿದರು. ಎತ್ತು ಮಾತ್ರ ಬೆದರಿ ಬೇಲಿಯತ್ತ ನುಗ್ಗಿತು, ಹಿಂಡು ದಿಕ್ಕಾಪಾಲಾಯಿತು.

ಎಲ್ಲವನ್ನೂ ಕೂಡಿಸಿ ತಂದು ಬಾಲರಾಜುವಿನ ಗಂಟೆ ಕಟ್ಟಿದರು. ತಗ್ಗಿದ, ತುಸು ಗೊಗ್ಗರು ದನಿ. ಮುಂದಿನೆತ್ತು ಹೆಜ್ಜೆಯಿಟ್ಟಿತು. ಉಳಿದವು ತಲೆಯೆತ್ತಿಯೂ ನೋಡದೆ ಅದರ ಹಿಂದೆ ನಡೆದವು.

"ನಿಮ್ಮಪ್ಪನ ದನಿನೇ ಬಂದೈತೆ ಕಣಪ್ಪ," ಎಂದು ದೊಡ್ಡಪಾಲಯ್ಯ ಸಣ್ಣತಿಮ್ಮಪ್ಪನ ಹೆಗಲು ತಟ್ಟಿದ. ಸಮಾಧಾನಕ್ಕೆ ಆಡಿದ ಮಾತು. ಗಾಯಕ್ಕೆ ಉಪ್ಪು ಸವರಿದಂತಾಯಿತು.

"ಎಲ್ಲಾ ನೀನು ಕಲಿಸಿದ್ದೇ ಅಲ್ವೇನಣ್ಣ," ಎಂದ ಬಾಲರಾಜು.

"ಕಲಿಸ್ಬಾರ್ದಿತ್ತು ಲೇ."

ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಮರುದಿನ ಸಣ್ಣತಿಮ್ಮಪ್ಪ ತನ್ನ ಗಂಟೆಯನ್ನು ಸುತ್ತಿಗೆಯಿಂದ ಒಡೆದು ಮೂಸೆಗೆ ಹಾಕಿ, ಮೇಲಿಷ್ಟು ತಾಮ್ರ ಸೇರಿಸಿದ.

"ಎತ್ತಿಗೆ ಗಂಟೆ ಕಟ್ಟಾಯ್ತಲ್ಲ, ಇದು ಯಾರಿಗ್ರಿ?" ಎಂದಳು ಪಾಪಕ್ಕ.

"ಅವನದೂ ಒಂದಿನ ಸೀಳ್ತೈತಲ್ಲ. ಆಗ ಬೇಕಾಗ್ತೈತೆ."

"ಅಲ್ಲೀವರೆಗೂ ನಾವು ಇರ್ತೀವಾ?"

"ಗಂಟೆ ಇರ್ತೈತಲ್ಲ," ಎಂದು ಅವನು ತಿದಿ ಒತ್ತಿದ.