ಅಯ್ಯಮ್ಮನ ಹುಂಜ, ಎದುರು ಮನೆಯ ಬಾಗಿಲು

ದೇವಾಪುರದ ನಮ್ಮ ಓಣಿಯಲ್ಲಿ ಅಯ್ಯಮ್ಮನ ಮನೆಗೆ ಕೀಲಿ ಹಾಕಿದ್ದನ್ನು ಕಂಡವರಿಲ್ಲ. ಗಂಡ ಸತ್ತ ಮೇಲೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಮಗನನ್ನು ಸಾಕಿದವಳು. ಹಿತ್ತಲ ತುಂಬ ಕೋಳಿ. ಕಾಯುವವರಿರಲಿಲ್ಲ, ಅವಳ ಬಾಯೇ ಕಾಯುತ್ತಿತ್ತು. ಒಂದು ತತ್ತಿ ಹೋದರೂ ಸಾಕು, ಸಂಜೆ ಹೊಲದಿಂದ ಬಂದವಳೇ ಸೆರಗು ಸೊಂಟಕ್ಕೆ ಸಿಗಿಸಿ ಓಣಿಯ ನಡುವೆ ನಿಂತು, ಅನುಮಾನದ ಮನೆಯ ಕಡೆ ಮುಖ ಮಾಡಿ ಬೈಯುವಳು. ಹೆಸರು ಮಾತ್ರ ಹೇಳುವಂತಿಲ್ಲ, ಅದು ನಮ್ಮ ಕಡೆಯ ರೀತಿ. ಯಾರು ಹೊರಗೆ ಬಂದು ಎದುರು ಮಾತಾಡುತ್ತಾರೋ ಅವರೇ ಕಳ್ಳರು. ಆದ್ದರಿಂದ ಯಾರೂ ಬರುವುದಿಲ್ಲ. ಬೈದವಳ ಸಿಟ್ಟು ಇಳಿಯುತ್ತದೆ, ಮರುದಿನ ಅದೇ ಮನೆಯಿಂದ ಮಜ್ಜಿಗೆ ಇಸಿದುಕೊಂಡು ಬರುತ್ತಾಳೆ.

ಕಳೆದ ವರ್ಷ ದೇವಿಗೆಂದು ಬಿಟ್ಟ ಹುಂಜ ಕಾಣೆಯಾಯಿತು. ಎದುರು ಮನೆ ಬಸವೇಶ್ವರಿಯದು. ಕೊರಳಲ್ಲಿ ಲಿಂಗ ಇರುವ ಮನೆ, ಮಾಂಸದ ವಾಸನೆ ಬಂದರೆ ಕಿಟಕಿ ಮುಚ್ಚುವವರು. ಒಣಹಾಕಿದ ಜೋಳ ಕೆದರಿತೆಂದು ಆಕೆ ಹುಂಜಕ್ಕೆ ಕಲ್ಲು ಬೀಸಿ, ಒಂದು ದಿನ ಇದನ್ನು ಮುಗಿಸುತ್ತೇನೆ ಎಂದು ಅಂದದ್ದುಂಟು. ಅಯ್ಯಮ್ಮನಿಗೆ ಅಷ್ಟು ಸಾಕಾಯಿತು.

"ನನ್ನ ಹುಂಜ ತಿಂದಾಕಿ ಹೊಟ್ಟ್ಯಾಗ ಅದು ನಸುಕಿಗೆದ್ದು ಕೂಗಲಿ. ಕೂಗಿ ಕೂಗಿ ಆಕಿ ಬೀಗರನ್ನೆಲ್ಲ ಎಬ್ಬಸಲಿ."

ಓಣಿ ಬಾಯಿಗೆ ಸೆರಗು ಹಿಡಿದು ನಕ್ಕಿತು. ಎಂದಿನಂತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮಗ ಬಾಲರಾಜ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಸುರಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಅವನದು. ನಗೆ ವಿಡಿಯೊ ಮಾಡಿ ಫೇಸ್‌ಬುಕ್ಕಿಗೆ ಹಾಕುವ ಚಟ. ಕೊನೆಗೊಂದು ಹುಂಜದ ಕೂಗು ಸೇರಿಸಿ ಇದನ್ನೂ ಹಾಕಿದ. ಅವ್ವನ ಬೆನ್ನ ಹಿಂದೆ ಬಸವೇಶ್ವರಿಯ ನೀಲಿ ಬಾಗಿಲು, ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತ ಮಗಳು ಶಿವರಂಜನಿ, ಎಲ್ಲ ಬಂದಿತ್ತು.

ಶಿವರಂಜನಿಯನ್ನು ಭೀಮರಾಯನಗುಡಿಯ ಕಚೇರಿಯಲ್ಲಿ ಕೆಲಸ ಮಾಡುವ ವಿಶ್ವರಾಧ್ಯನಿಗೆ ಗೊತ್ತು ಮಾಡಿದ್ದರು. ಸೀರೆ, ಕಾಯಿ ಕೊಟ್ಟಾಗಿತ್ತು. ವಿಡಿಯೊ ಶಹಾಪುರದ ಬೀಗರ ಮನೆಗೂ ಮುಟ್ಟಿತು. ಹುಡುಗನ ತಂದೆ ಬಾಗಿಲು ಗುರುತು ಹಿಡಿದ. ನಮ್ಮ ನೆಂಟರು ನೋಡಿ ನಕ್ಕಿದ್ದಾರೆ, ಯಾರ ಮನೆಯೆಂದು ಅವರಿಗಿನ್ನೂ ತಿಳಿದಿಲ್ಲ, ಇದನ್ನು ಸ್ವಚ್ಛ ಮಾಡಿಕೊಳ್ಳಿರಿ, ಆಮೇಲೆ ಮುಹೂರ್ತ ಇಡೋಣ ಎಂದು ಹೇಳಿ ಕಳಿಸಿದ. ಬಸವೇಶ್ವರಿ ಸುರಪುರದ ಕೋರ್ಟಿನಲ್ಲಿ ತಾಯಿ ಮಗನ ಮೇಲೆ ಮಾನನಷ್ಟದ ಕೇಸು ಹಾಕಿದಳು.

ಅಯ್ಯಮ್ಮ ತನ್ನ ವಕೀಲೆ ಖುರ್ಷೀದಬೇಗಂ ಮುಂದೆ ಧೈರ್ಯವಾಗಿಯೇ ಕೂತಳು. "ನಾ ಯಾರ ಹೆಸರೂ ತಗೊಂಡಿಲ್ರಿ."

"ಬಾಗಿಲ ತೋರಿಸೀರಲ್ಲ. ನೋಡಿದೋರು ಯಾರಂತ ಗುರ್ತ ಹಿಡದ್ರ ಕಾನೂನಿಗೆ ಅಷ್ಟ ಸಾಕು. ನೀವು ಬೈದೀರಿ, ಮಗ ಊರಿಗೆಲ್ಲ ಹಂಚ್ಯಾನ. ಇಬ್ಬರಿಗೂ ಜೈಲು ಆಗಬಹುದು."

ಬಾಲರಾಜ ಅಲ್ಲೇ ವಿಡಿಯೊ ಅಳಿಸಿದ. ಅಷ್ಟರಲ್ಲಿ ಅದು ಯಾರ್‍ಯಾರದೋ ಮೊಬೈಲು ಸೇರಿಯಾಗಿತ್ತು.

ಕೇಸು ನಡೆದಿರುವಾಗಲೇ ಮೇವು ತೆಗೆಯಲು ಹೋದ ಅಯ್ಯಮ್ಮನಿಗೆ ಬಣವೆಯ ಸಂದಿಯಲ್ಲಿ ಪುಕ್ಕ ಸಿಕ್ಕವು, ಹುಂಜದ ಕಾಲೂ ಸಿಕ್ಕಿತು. ಕಾಡುಬೆಕ್ಕಿನ ಕೆಲಸ. ತಪ್ಪಾಯಿತೆನ್ನಲು ಬಾಗಿಲಿಗೆ ಹೋದರೆ ಬಸವೇಶ್ವರಿ ತೆರೆಯಲಿಲ್ಲ. ರಾಜಿ ಮಾಡಿಕೊಳ್ಳಿರೆಂದು ಜಡ್ಜರು ಹೇಳಿದಾಗ, ಕ್ಷಮೆಯ ವಿಡಿಯೊ ಹಾಕಬೇಕು, ಅದರಲ್ಲಿ ತನ್ನ ಹೆಸರಿರಬೇಕು ಎಂದು ಹಟ ಹಿಡಿದಳು.

ಖುರ್ಷೀದಬೇಗಂ ಎದುರಿನವರ ವಕೀಲೆಯಾದರೂ ತಡೆದು ಹೇಳಿದಳು: "ಹೆಸರ ಬ್ಯಾಡವ್ವ. ಗೊತ್ತಿಲ್ಲದೋರಿಗೂ ಗೊತ್ತಾಗ್ತದ."

"ಬೈಯಾಗ ಹೆಸರ ಮುಚ್ಚಿಟ್ಟಾರ. ಮರ್ಯಾದಿ ಹೆಸರ ಹಿಡದ ಬರಬೇಕು," ಎಂದಳು ಬಸವೇಶ್ವರಿ.

ಅಯ್ಯಮ್ಮ ಒಗೆದ ಸೀರೆ ಉಟ್ಟು ಕೈಮುಗಿದು ಕ್ಯಾಮೆರಾದ ಮುಂದೆ ನಿಂತಳು. ಹುಡುಗಿಗೂ ಒಳ್ಳೆಯದಾಗಲಿ ಎಂದು, ಯಾರೂ ಹೇಳದಿದ್ದರೂ ಅವಳ ಹೆಸರನ್ನೂ ತಾನೇ ಸೇರಿಸಿದಳು. "ದೇವಾಪುರದ ಬಸವೇಶ್ವರಿ, ಆಕಿ ಮಗಳು ಶಿವರಂಜನಿ, ನನ್ನ ಹುಂಜ ತಿಂದಿಲ್ರಿ. ಬೆಕ್ಕು ತಿಂದದ. ನಂದು ತಪ್ಪಾಗ್ಯದ."

ಅದು ಮೊದಲಿನದಕ್ಕಿಂತ ಹೆಚ್ಚು ಓಡಿತು. ಯಾರೋ ಅದಕ್ಕೂ ಹುಂಜದ ಕೂಗು ಹಚ್ಚಿದರು. ವಿಶ್ವರಾಧ್ಯ ಕಚೇರಿಯ ಮೆಟ್ಟಿಲು ಹತ್ತಿದರೆ ಜೊತೆಯವರು ಹುಂಜದಂತೆ ಕೂಗುವರು, ನಿನ್ನ ಹೆಂಡತಿ ತಿಂದಿಲ್ಲಂತಲ್ಲೋ ಎಂದು ಬೆನ್ನು ತಟ್ಟುವರು. ಶಹಾಪುರದ ನೆಂಟರಿಗೆ ಈಗ ಮನೆಯೂ ತಿಳಿಯಿತು, ಹುಡುಗಿಯ ಹೆಸರೂ ತಿಳಿಯಿತು. ಬೀಗರು ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸಿದರು: ಸೀರೆ ನೀವೇ ಇಟ್ಟುಕೊಳ್ಳಿರಿ, ಹುಡುಗಿ ಬೇಡ.

ಬಸವೇಶ್ವರಿ ಮತ್ತೆ ಕೇಸು ಹಾಕಲು ಓಡಿದಳು. ನೀವೇ ಹೇಳಿ ಬರೆಸಿ ಸಹಿ ಮಾಡಿದ ರಾಜಿ, ಅದರ ಪ್ರಕಾರವೇ ಅವರು ಹಾಕಿದ್ದಾರೆ ಎಂದು ಆಕೆಯ ವಕೀಲರೇ ಹಿಂದೆ ಕಳಿಸಿದರು.

ದೇವಿಯ ಹಬ್ಬದ ಹಿಂದಿನ ದಿನ ಅಯ್ಯಮ್ಮನ ಮೊಟ್ಟೆ ಇಡುವ ಹೇಟೆ ಹೋಯಿತು. ಯಾರ ಮನೆಯಲ್ಲಿ ಕುದಿಯುತ್ತಿದೆ ಎಂದು ವಾಸನೆಯೇ ಹೇಳುತ್ತಿತ್ತು, ಈ ಸಲ ಅದು ಎದುರು ಮನೆಯಲ್ಲ. ಸೆರಗು ಸಿಗಿಸಿ ಓಣಿಗೆ ಬಂದಳು. ನೀಲಿ ಬಾಗಿಲು ತೆರೆಯಿತು. ಶಿವರಂಜನಿ ಹೊರಗೆ ಬಂದು ಮೊಬೈಲು ಎತ್ತಿ ಹಿಡಿದಳು.

"ಬೈ ಅತ್ತಿ," ಎಂದಳು ಮೆತ್ತಗೆ. "ಹೆಸರ ಮಾತ್ರ ಹೇಳಬ್ಯಾಡ."

ಅಯ್ಯಮ್ಮ ತೆರೆದ ಬಾಯಿ ಮುಚ್ಚಿದಳು. ಸೆರಗು ಬಿಚ್ಚಿ ಒಳಗೆ ಹೋದಳು. ಓಣಿಯವರೆಲ್ಲ ನೋಡಿದರು, ಕೋಳಿಯ ಮೇಲೆ ಕಣ್ಣಿದ್ದವರೂ ನೋಡಿದರು. ವಾರ ತುಂಬುವುದರೊಳಗೆ ಅವಳ ಹಿತ್ತಲಲ್ಲಿ ಒಂದು ಮರಿಯೂ ಉಳಿಯಲಿಲ್ಲ.